ಮಾತ್ರೆ ಕೊಯ್ಯುತ್ತಿದ್ದ ರಿಪೇರಿ ತಾತ

ರಿಪೇರಿ ತಾತನ ಕೈ ಎಂಥದ್ದು ಎಂದು ಆ ಬೀದಿಯಲ್ಲಿ ಯಾರನ್ನಾದರೂ ಕೇಳಿ ನೋಡಿ. ಹಾರುವ ಸೊಳ್ಳೆಯನ್ನು ಚಿಮುಟದಲ್ಲಿ ಹಿಡಿದು, ಅದರ ರೆಕ್ಕೆಯ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು, ಕೂದಲೂ ಕೊಂಕದಂತೆ ಮತ್ತೆ ಹಾರಲು ಬಿಟ್ಟಿದ್ದನಂತೆ. ಅಂದಿನಿಂದ ಆ ಸೊಳ್ಳೆ ಸದ್ದೇ ಮಾಡದೆ ಹಾರಾಡಿ ಬೀದಿಯವರನ್ನೆಲ್ಲ ಕಚ್ಚಿತಂತೆ. ಇದನ್ನು ಹೇಳುವವನು ಪಕ್ಕದ ಮನೆಯ ನಿವೃತ್ತ ಬಸ್ ಡ್ರೈವರ್. ಅವನ ಮಾತಿನಲ್ಲಿ ಮುಕ್ಕಾಲು ಪಾಲು ತೆಗೆದು ಉಳಿದದ್ದನ್ನು ನಂಬಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ರಿಪೇರಿ ತಾತನ ವಿಷಯದಲ್ಲಿ ಉಳಿದ ಕಾಲು ಪಾಲೂ ಸಣ್ಣದೇನಲ್ಲ.

ಹದಿನಾಲ್ಕನೇ ವಯಸ್ಸಿಗೆ ವಾಚ್ ರಿಪೇರಿ ಕಲಿಯಲು ಕೂತವನು ಅವನು. ಕಲಿಸುವ ಯಜಮಾನ ಮೊದಲ ವರ್ಷವಿಡೀ ವಾಚು ಮುಟ್ಟಲು ಬಿಡಲಿಲ್ಲ. ನೆಲಕ್ಕೆ ಬಿದ್ದ ಸ್ಕ್ರೂ ಹುಡುಕಿ ಕೊಡುವುದೊಂದೇ ಕೆಲಸ. ಆ ಸ್ಕ್ರೂಗಳ ಪಕ್ಕದಲ್ಲಿಟ್ಟರೆ ಸಾಸಿವೆ ಕಾಳು ಕುಂಬಳಕಾಯಿಯ ಹಾಗೆ ಕಾಣಬೇಕು. ಹುಡುಕಿ ಹುಡುಕಿ ಅವನ ಕಣ್ಣು ಎಷ್ಟು ಹರಿತವಾಯಿತೆಂದರೆ, ತನ್ನ ಮದುವೆಯ ದಿನ ಅವನು ಮೊದಲು ಗಮನಿಸಿದ್ದು ಹೆಂಡತಿಯ ಮುಖವನ್ನಲ್ಲ, ಮಾವನ ಕೈಗಡಿಯಾರವನ್ನು. “ನಾಲ್ಕು ನಿಮಿಷ ಹಿಂದಿದೆ” ಎಂದು ಅಷ್ಟೂ ಜನರ ಎದುರು ಹೇಳಿಯೂ ಬಿಟ್ಟ. ಮಾವನ ಮುಖ ಗಂಟಿಕ್ಕಿತು. ಮದುಮಗಳು ಮಾತ್ರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಐವತ್ತು ವರ್ಷದಿಂದ ತಾನು ಗಟ್ಟಿಯಾಗಿರುವುದು ಆ ಒಂದು ನಗುವಿನ ಮೇಲೆ ಎಂದು ತಾತ ಈಗಲೂ ಹೇಳುತ್ತಾನೆ.

ಅವನ ಅಂಗಡಿ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಕೆಳಗಿನ ಗೂಡು. ಗಿರಾಕಿಗೆ ಸೀನು ಬಂದರೆ ತಾತ ಎದ್ದು ಹೊರಗೆ ಹೋಗಿ ಜಾಗ ಮಾಡಿಕೊಡಬೇಕಿತ್ತು. ಆ ಗೂಡಿನಲ್ಲಿ ನಲವತ್ತು ವರ್ಷ ಕೂತು ಊರಿನ ಹೊತ್ತನ್ನೆಲ್ಲ ಸರಿಮಾಡಿದ. ಬಾಗಿಲ ಮೇಲೆ “ಮಾಲೀಕರು” ಎಂದು ಬರೆದು ಅದರ ಮುಂದೆ ತನ್ನ ಹೆಸರು ಹಾಕಿಸಿದ್ದ. ಬೋರ್ಡು ಅಂಗಡಿಗಿಂತ ಒಂದು ಗೇಣು ಅಗಲವಾಗಿ ಎರಡೂ ಕಡೆ ಹೊರಗೆ ಚಾಚಿಕೊಂಡಿತ್ತು. ಆಮೇಲೆ ಜನ ಮಣಿಕಟ್ಟು ನೋಡುವುದನ್ನು ಬಿಟ್ಟು ಜೇಬಿನ ಫೋನು ನೋಡಲು ಶುರುಮಾಡಿದರು. ಗಿರಾಕಿಗಳು ಹತ್ತಾದರು, ಎರಡಾದರು, ಕೊನೆಗೆ ಮಳೆ ಬಂದಾಗ ಮೆಟ್ಟಿಲ ಕೆಳಗೆ ನಿಲ್ಲಲು ಬರುವವರಷ್ಟೇ ಉಳಿದರು. ತಾತ ಗೂಡು ಖಾಲಿಮಾಡಿ, ಮೇಜನ್ನೂ ಬೋರ್ಡನ್ನೂ ಎರಡು ಕೋಣೆಯ ತನ್ನ ಮನೆಗೆ ತಂದ. ಮೇಜು ಬೀದಿ ಕಡೆಯ ಕಿಟಕಿಗೆ ತಾಗಿ ಕೂತಿತು. ಬೋರ್ಡು ಮಂಚದ ಕೆಳಗೆ ಸೇರಿತು.

ಅದರ ಜೊತೆ ನಲವತ್ತೊಂದು ಗಡಿಯಾರಗಳೂ ಬಂದವು. ರಿಪೇರಿಗೆ ಕೊಟ್ಟವರು ತಿರುಗಿ ನೋಡದೆ ಹೋದ ಅನಾಥ ಗಡಿಯಾರಗಳು. ಗೋಡೆ ಕಾಣದಂತೆ ತೂಗಿಕೊಂಡು ನಲವತ್ತೂ ನಲವತ್ತು ಹೊತ್ತು ತೋರಿಸುತ್ತಿದ್ದವು. ಲೋಲಕದ ದೊಡ್ಡ ಗಡಿಯಾರವೊಂದೇ ಸರಿಯಾದ ಹೊತ್ತಿನದು.

“ರೀ, ಗಂಟೆ ಎಷ್ಟು?” ಎಂದು ಅಜ್ಜಿ ಒಳಗಿನಿಂದ ಕೂಗುವಳು.

“ಯಾವ ಗಡಿಯಾರದ್ದು ಬೇಕು ಹೇಳು.”

“ಒಲೆ ಹಚ್ಚೋ ಗಡಿಯಾರದ್ದು.”

ಈ ಮಾತು ದಿನಕ್ಕೆರಡು ಸಲ ತಪ್ಪದೆ ನಡೆಯುತ್ತಿತ್ತು.

ಹೀಗಿರುವಾಗ ಅಜ್ಜಿಗೆ ರಕ್ತದೊತ್ತಡ ಏರಿತು. ಡಾಕ್ಟರು ಚೀಟಿ ಬರೆದುಕೊಟ್ಟು, “ದಿನಾ ಬೆಳಿಗ್ಗೆ ಒಂದು ಮಾತ್ರೆ, ಬದುಕಿರೋ ತನಕ” ಎಂದರು. ದಾರಿಯಲ್ಲಿ ಅಜ್ಜಿ, “ನಾನು ಬದುಕಿರೋ ತನಕ ಮಾತ್ರೆನೋ, ಮಾತ್ರೆ ಇರೋ ತನಕ ನಾನೋ, ಅದನ್ನ ಕೇಳಲೇ ಇಲ್ಲ ನೀವು” ಎಂದು ನಗಾಡಿದಳು. ತಾತ ನಗಲಿಲ್ಲ. ಅವನು ಆಗಲೇ ಮಾತ್ರೆಯ ಹಾಳೆಯ ಹಿಂದೆ ಅಚ್ಚಾಗಿದ್ದ ಬೆಲೆ ಓದಿದ್ದ. ಕೈಯಲ್ಲಿ ಕೆಲಸವಿಲ್ಲದವನಿಗೆ ಆ ಅಂಕಿ ಕನ್ನಡಕವಿಲ್ಲದೆಯೂ ಚೆನ್ನಾಗಿ ಕಾಣುತ್ತದೆ.

ಎರಡನೇ ತಿಂಗಳಿಗೆ ತಾತ ಒಂದು ಉಪಾಯ ಕಂಡುಕೊಂಡ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡ. ವಾಚಿನವರು ರೆಪ್ಪೆಯ ನಡುವೆ ಕಚ್ಚಿಸಿಕೊಳ್ಳುತ್ತಾರಲ್ಲ, ಆ ಕಪ್ಪು ಕೊಳವೆ. ಕೂದಲಿನಷ್ಟು ತೆಳ್ಳಗಿನ ಗರಗಸದ ಬ್ಲೇಡು ತೆಗೆದ. ಮಾತ್ರೆಯನ್ನು ಪುಟ್ಟ ಇಕ್ಕಳದಲ್ಲಿ ಕೂರಿಸಿ ಸರಿಯಾಗಿ ನಡುವೆ ಕೊಯ್ದ. ಎರಡು ಹೋಳೂ ಅವಳಿಜವಳಿ. ಹೆತ್ತ ತಾಯಿಗೂ ಯಾವುದು ಹಿರಿಯದೆಂದು ಗೊತ್ತಾಗುವಂತಿರಲಿಲ್ಲ. ಉದುರಿದ ಪುಡಿಯನ್ನೂ ಬಿಡದೆ ಕುಂಚದಿಂದ ಬಳಿದು ಎರಡು ಪಾಲು ಮಾಡಿದ. ಒಂದು ತಿಂಗಳ ಮಾತ್ರೆ ಎರಡು ತಿಂಗಳಿಗೆ ಬಂತು.

ಇದು ಮನೆಯೊಳಗೇ ಇದ್ದಿದ್ದರೆ ಕತೆ ಬೇರೆ. ಆದರೆ ತಾತ ಕೂರುವುದು ಕಿಟಕಿಯಲ್ಲಿ, ಮತ್ತು ಕಿಟಕಿಯ ಆಚೆ ಇರುವುದು ಡ್ರೈವರ್.

“ಲೋ ರಿಪೇರಿ, ಅದೇನೋ ಅದು, ವಜ್ರ ಕೊಯ್ತಾ ಇದೀಯಾ?”

“ನಿನ್ನ ಅತ್ತಿಗೆ ಮಾತ್ರೆ ಕಣೋ.”

ಡ್ರೈವರ್ ಹೋಳುಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ. ಅವನೂ ಖರ್ಚಿಗೆ ಹೆದರಿ ಒಂದು ವರ್ಷದಿಂದ ಬೆಳಗಿನ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದ. ಸಂಜೆಗೆ ತನ್ನ ಮಾತ್ರೆಯ ಹಾಳೆ ತಂದು ಮೇಜಿನ ಮೇಲಿಟ್ಟ. ಮರುದಿನ ಮೂಲೆಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಇಸ್ತ್ರಿಯಮ್ಮ ಬಂದಳು. “ಅಣ್ಣಾ, ನಾನು ಕತ್ತರೀಲಿ ಕತ್ತರಿಸಿದ್ರೆ ಅರ್ಧ ಹಾರಿ ಮಂಚದ ಕೆಳಗೆ ಹೋಗುತ್ತೆ. ಬಗ್ಗೋಕೆ ಸೊಂಟ ನೋವು, ಅದಕ್ಕೊಂದು ಮಾತ್ರೆ ಬೇಕಾಗುತ್ತೆ” ಎಂದಳು. ವಾರ ಕಳೆಯುವಷ್ಟರಲ್ಲಿ ಕಿಟಕಿಯ ಮುಂದೆ ಸಾಲು ನಿಂತಿತು. ಸಕ್ಕರೆ ಮಾತ್ರೆ, ಹೃದಯದ ಮಾತ್ರೆ, ಗಂಟುನೋವಿನ ಮಾತ್ರೆ, ಹಳದಿ, ಗುಲಾಬಿ, ಕುದುರೆಗೆ ಕೊಡುವಂಥ ದಪ್ಪದವು, ಹುಡುಕಿ ಹಿಡಿಯಬೇಕಾದಂಥ ಸಣ್ಣವು. ತಾತ ಎಲ್ಲವನ್ನೂ ಕೊಯ್ದ. ಬಿಡಿಗಾಸೂ ತೆಗೆದುಕೊಳ್ಳಲಿಲ್ಲ. ಅಂಗಡಿ ಮುಚ್ಚಿದ ಮೇಲೆ ಅವನ ಕೈಗೆ ಮೊದಲ ಸಲ ಕೈತುಂಬ ಕೆಲಸ; ಹೋಗುವವರೆಲ್ಲ “ದೊಡ್ಡ ಉಪಕಾರ ಆಯ್ತು” ಎನ್ನುವರು. ತಾತನ ಬೆನ್ನು ಎರಡಿಂಚು ನೆಟ್ಟಗಾಯಿತು. ಡ್ರೈವರನ ಪ್ರಕಾರ ಒಂದಡಿ.

ಮನೆಯೊಳಗೆ ಅಜ್ಜಿಗೆ ಮಾತ್ರ ಬೆಳಿಗ್ಗೆ ಹನ್ನೊಂದಕ್ಕೆ ತಲೆ ಸುತ್ತುತ್ತಿತ್ತು, ಸಂಜೆ ತಲೆ ಸಿಡಿಯುತ್ತಿತ್ತು. ಒಂದು ದಿನ ಬಚ್ಚಲಲ್ಲಿ ವಾಲಿ ನಲ್ಲಿಗೆ ಹಣೆ ತಗುಲಿಸಿಕೊಂಡಳು. “ವಯಸ್ಸಾಯ್ತಲ್ಲ” ಎಂದಳು. ತಾತನೂ “ವಯಸ್ಸಾಯ್ತು” ಎಂದು ಹಣೆಗೆ ತಣ್ಣೀರು ಬಟ್ಟೆ ಹಾಕಿದ.

ಬೀದಿಯ ತಿರುವಿನಲ್ಲಿ ಔಷಧಿ ಅಂಗಡಿ. ಅಲ್ಲಿ ಇಪ್ಪತ್ತು ವರ್ಷದಿಂದ ಕೌಂಟರಿನ ಹಿಂದೆ ನಿಂತಿರುವ ಹೆಂಗಸನ್ನು ಎಲ್ಲರೂ ಮೆಡಿಕಲ್ ಅಕ್ಕ ಎನ್ನುತ್ತಾರೆ. ಯಾರ ಮಾತ್ರೆ ಯಾವ ವಾರ ಮುಗಿಯುತ್ತದೆಂದು ಅವಳಿಗೆ ಬಾಯಿಪಾಠ. ಮುಗಿಯಬೇಕಾದ ವಾರ ಮುದುಕರು ಯಾರೂ ಬರಲಿಲ್ಲ. ಮರುವಾರವೂ ಇಲ್ಲ. ಕೊನೆಗೆ ಕೆಮ್ಮಿನ ಔಷಧಿಗೆ ಬಂದ ಡ್ರೈವರನನ್ನು ಹಿಡಿದಳು.

“ಏನ್ ಮಾವ, ಬೀದೀಲಿ ಎಲ್ಲರಿಗೂ ಒಟ್ಟಿಗೆ ಪ್ರಾಯ ಬಂದುಬಿಡ್ತಾ? ಒಬ್ಬರೂ ಮಾತ್ರೆಗೆ ಬರ್ತಾ ಇಲ್ಲ.”

“ಬರೋದು ಯಾಕಮ್ಮ? ನಮ್ಮ ರಿಪೇರಿ ಇದಾನಲ್ಲ! ಮಾತ್ರೆಗೂ ರಿಪೇರಿ ಮಾಡ್ತಾನೆ ಈಗ.” ಡ್ರೈವರ್ ಹೆಮ್ಮೆಯಿಂದ ಎಲ್ಲವನ್ನೂ ಒದರಿದ.

ಅಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು ಓಡಿಬಂದಳು. ಅವಳ ಓಟದ ಗಾಳಿಗೆ ದಾರಿಯಲ್ಲಿದ್ದ ಒಣಗಿದ ಬಟ್ಟೆಗಳೆಲ್ಲ ಮಡಚಿಕೊಂಡವೆಂದು ಇಸ್ತ್ರಿಯಮ್ಮ ಹೇಳುತ್ತಾಳೆ. ಕಿಟಕಿಯಲ್ಲಿ ತಾತ ಅಜ್ಜಿಯ ಮಾತ್ರೆಯನ್ನೇ ಇಕ್ಕಳದಲ್ಲಿ ಕೂರಿಸುತ್ತಿದ್ದ.

“ತಾತಾ, ಕೈ ತೆಗೀರಿ!”

“ಯಾಕಮ್ಮ, ಸರಿಯಾಗಿ ನಡುವೆ ಬಂದಿಲ್ವಾ?”

“ನಡುವೆ ಬಂದಿದೆ, ಅದೇ ಗೋಳು. ಇದು ಕೊಯ್ಯೋ ಮಾತ್ರೆ ಅಲ್ಲ. ಇಪ್ಪತ್ನಾಲ್ಕು ಗಂಟೆ ಚೂರು ಚೂರೇ ಕರಗೋ ಹಾಗೆ ಮಾಡಿರ್ತಾರೆ.” ತಾತನ ಮುಖದಲ್ಲಿ ಏನೂ ಇಳಿಯಲಿಲ್ಲವೆಂದು ಕಂಡು ಅವಳು ಮೇಜಿನ ಮೇಲೆ ಬಿಚ್ಚಿಟ್ಟಿದ್ದ ವಾಚಿನ ಕಡೆ ಬೆರಳು ಮಾಡಿದಳು. “ಇದಕ್ಕೆ ಬೆಳಿಗ್ಗೆ ಕೀ ಕೊಟ್ರೆ ಒಳಗಿನ ಸ್ಪ್ರಿಂಗು ಏನು ಮಾಡುತ್ತೆ?”

“ನಿಧಾನಕ್ಕೆ ಬಿಚ್ಕೊಳ್ತಾ ಹೋಗುತ್ತೆ. ದಿನವಿಡೀ.”

“ಆ ಸ್ಪ್ರಿಂಗನ್ನ ನಡುವೆ ಕತ್ತರಿಸಿದ್ರೆ ವಾಚು ಅರ್ಧ ದಿನ ಓಡುತ್ತಾ?”

ತಾತ ಬಾಯಿ ತೆರೆದ. ಅರವತ್ತು ವರ್ಷದಲ್ಲಿ ಅವನಿಗೆ ಇಷ್ಟು ಸುಲಭದ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ, ಇಷ್ಟು ಕಷ್ಟದ ಉತ್ತರವೂ ಇರಲಿಲ್ಲ. ಕತ್ತರಿಸಿದ ಸ್ಪ್ರಿಂಗು ಒಂದೇ ಏಟಿಗೆ ಸರ್ರೆಂದು ಬಿಚ್ಚಿಕೊಂಡು ಸತ್ತುಹೋಗುತ್ತದೆ. ಹನ್ನೊಂದು ಗಂಟೆಯ ತಲೆಸುತ್ತು, ಸಂಜೆಯ ತಲೆನೋವು, ಬಚ್ಚಲ ನಲ್ಲಿ ಎಲ್ಲವೂ ಅವನ ಕಣ್ಣಮುಂದೆ ಸಾಲಾಗಿ ಬಂದು ನಿಂತವು. ಭೂತಗನ್ನಡಿ ಕಣ್ಣಿನಿಂದ ಜಾರಿ ಮಡಿಲಿಗೆ ಬಿತ್ತು.

“ನಾನೇ ಅವಳನ್ನ...” ಎಂದು ಅಷ್ಟಕ್ಕೇ ನಿಲ್ಲಿಸಿದ.

“ನೀವು ಒಳ್ಳೇದು ಮಾಡೋಕೆ ಹೋದ್ರಿ ತಾತ. ಇನ್ನು ಮಾಡಬೇಡಿ, ಅಷ್ಟೆ” ಎಂದಳು ಅಕ್ಕ. “ನಡುವೆ ಗೆರೆ ಇರೋ ಮಾತ್ರೆ ಕೂಡ ಡಾಕ್ಟರ್ ಹೇಳಿದ್ರೆ ಮಾತ್ರ ಮುರಿಯೋದು.”

ಅವತ್ತೇ ಅಕ್ಕ ಡಾಕ್ಟರ ಹತ್ತಿರ ಹೋಗಿ, ಔಷಧಿ ಕಂಪನಿಯವರು ಮಾದರಿಗೆಂದು ಕೊಟ್ಟುಹೋಗಿದ್ದ ಮಾತ್ರೆಗಳನ್ನು ಅಜ್ಜಿಗಾಗಿ ಕೇಳಿ ತಂದಳು. ನಲವತ್ತು ಇಡೀ ಮಾತ್ರೆ. ಮರುದಿನ ಬೆಳಿಗ್ಗೆ ತಾತ ಒಂದನ್ನು ಅಜ್ಜಿಯ ಅಂಗೈಗೆ ಹಾಕಿದಾಗ ಅಜ್ಜಿ ಹುಬ್ಬೇರಿಸಿದಳು. “ಇಷ್ಟು ದೊಡ್ಡದಿತ್ತಾ ಇದು? ಚಂದ್ರನ ಹಾಗಿದೆ!” ನಾಲ್ಕೇ ದಿನಕ್ಕೆ ಹನ್ನೊಂದು ಗಂಟೆಯ ತಲೆಸುತ್ತು ನಿಂತಿತು. ತಾತ ನಿಟ್ಟುಸಿರು ಬಿಟ್ಟ. ಆದರೆ ನಲವತ್ತು ಎಂಬುದು ಮುಗಿಯುವ ಸಂಖ್ಯೆ, ಬದುಕಿರೋ ತನಕ ಎಂಬುದು ಅಲ್ಲ.

ಅದಕ್ಕೊಂದು ದಾರಿಯಿತ್ತು. ಕೈಯಲ್ಲಿ ಏನೂ ಇಲ್ಲದ ಹಿರಿಯರಿಗೆ ಔಷಧಿ ಹೆಚ್ಚುಕಡಿಮೆ ಪುಕ್ಕಟೆ ಕೊಡಿಸುವ ಒಂದು ನೆರವು ಕಚೇರಿ. ಅದರ ಅರ್ಜಿಗಳ ಕಟ್ಟು ಅಕ್ಕನ ಕೌಂಟರಿನ ಕೆಳಗೆ ಧೂಳು ತಿನ್ನುತ್ತಿತ್ತು. “ಮೂವತ್ತೆರಡು ಕಳಿಸಿದೆ ತಾತ. ಮೂವತ್ತೆರಡೂ ವಾಪಸ್. ಎಲ್ಲದರ ಮೇಲೂ ಒಂದೇ ಮಾತು, ಅರ್ಜಿ ಅಪೂರ್ಣ ಅಂತ. ಏನು ಅಪೂರ್ಣ ಅಂತ ಕೇಳಿದ್ರೆ ಅರ್ಜೀಲೇ ಬರೆದಿದೆ ಓದಿ ಅಂತಾರೆ.”

ತಾತ ಒಂದು ಅರ್ಜಿಯನ್ನು ಬೆಳಕಿಗೆ ಹಿಡಿದ. ಕೆಳಗಡೆ ಒಂದು ಕಪ್ಪು ಗೆರೆ. ಅಕ್ಕ ಇಷ್ಟು ದಿನ ಅದನ್ನು ಅಲಂಕಾರಕ್ಕೆ ಎಳೆದ ಗೆರೆ ಅಂದುಕೊಂಡಿದ್ದಳು. ತಾತ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿದ ಕೂಡಲೇ ಗೆರೆ ಅಕ್ಷರಗಳಾಗಿ ಒಡೆಯಿತು. ಇರುವೆಗೂ ಕನ್ನಡಕ ಬೇಕಾಗುವಂಥ ಅಕ್ಷರ. ತಾತ ನಿಧಾನಕ್ಕೆ ಗಟ್ಟಿಯಾಗಿ ಓದಿದ: “ಕಂಪನಿ ಇಟ್ಟ ಹೆಸರಿನ ಬದಲು ಔಷಧಿಯ ಮೂಲ ಹೆಸರನ್ನು ಬರೆದು, ಪ್ರತಿಯೊಂದು ಹೆಸರಿನ ಎದುರಿಗೂ ವೈದ್ಯರ ಸಹಿ ಪಡೆಯತಕ್ಕದ್ದು.”

ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ, ನಾವೆಲ್ಲ ಕಂಪನಿ ಹೆಸರೇ ಬರೆದಿದ್ವಿ! ಸಹಿ ಒಂದೇ ಕಡೆ!”

“ಗಡಿಯಾರದಲ್ಲೂ ಹಾಗೇ ಕಣಮ್ಮ” ಎಂದ ತಾತ. “ನಿಂತುಹೋಗೋದು ಯಾವಾಗಲೂ ಕಾಣದೇ ಇರೋ ಕಡೆ.”

ಹಾಗೆ ಮಾತ್ರೆ ಕೊಯ್ಯುವ ಮೇಜು ಅರ್ಜಿ ತುಂಬುವ ಮೇಜಾಯಿತು. ಸಾಲು ಅದೇ, ಮುದುಕರೂ ಅವರೇ. ಅಕ್ಕ ಮೂಲ ಹೆಸರುಗಳನ್ನು ಚೀಟಿಯಲ್ಲಿ ಬರೆದುಕೊಡುವಳು, ತಾತ ಅವನ್ನು ಸ್ಕ್ರೂ ಕೂರಿಸಿದ ಹಾಗೆ ಒಂದೊಂದೇ ಅಕ್ಷರ ಅರ್ಜಿಯಲ್ಲಿ ಕೂರಿಸುವನು, ಅಕ್ಕ ಡಾಕ್ಟರ ಸಹಿ ಹಾಕಿಸಿ ತರುವಳು. ಎಲ್ಲ ಸಲೀಸಾಗಿ ಹೋಗಿ ಏಳನೇ ಪ್ರಶ್ನೆಗೆ ಬಂದು ಸಿಕ್ಕಿಹಾಕಿಕೊಳ್ಳುತ್ತಿತ್ತು. ಏಳನೆಯದು: “ಔಷಧಿಯ ಖರ್ಚನ್ನು ತಾವೇ ಭರಿಸಲು ಶಕ್ತರೇ?” ಎದುರಿಗೆ ಎರಡು ಚೌಕ. ಹೌದು, ಇಲ್ಲ.

ಡ್ರೈವರನಂಥ ಡ್ರೈವರ್, ಬ್ರೇಕಿಲ್ಲದ ಬಸ್ಸನ್ನು ಬೆಟ್ಟದಿಂದ ಶಿಳ್ಳೆ ಹಾಕುತ್ತಾ ಇಳಿಸಿದ್ದೇನೆ ಎನ್ನುವವನು, ಏಳನೇ ಪ್ರಶ್ನೆಗೆ ನೆಲ ನೋಡಿದ.

“ಹೌದು ಅಂತ ಹಾಕು.”

“ಹೌದು ಅಂದ್ರೆ ಸಿಗಲ್ಲ ಕಣೋ.”

“ಹಾಗಾದ್ರೆ ಬೇಡ. ನಾಳೆ ಊರವರೆಲ್ಲ ಡ್ರೈವರ್ ಕೈಲಾಗದವನು ಅಂತಾರೆ.”

ತಾತ ಪೆನ್ನನ್ನು ಡ್ರೈವರನ ಕೈಗೆ ಕೊಟ್ಟು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಒಂದು ಹಳೆ ವಾಚು ತೆರೆದ. “ನಾನು ಇದರೊಳಗೆ ಹೋಗ್ತೀನಿ. ಅಲ್ಲಿಂದ ಏನೂ ಕಾಣಲ್ಲ. ಬರೋದರೊಳಗೆ ಒಂದು ಗುರುತು ಹಾಕಿ ಕಾಗದ ಮಡಚಿಡು. ನಾನು ನೋಡಲ್ಲ. ಯಾರೂ ನೋಡಲ್ಲ.”

ಪೆನ್ನಿನ ಸದ್ದು ಕೇಳುವವರೆಗೆ ಅವನು ವಾಚಿನಿಂದ ಹೊರಗೆ ಬರಲಿಲ್ಲ.

ಅಲ್ಲಿಂದ ಅದೇ ಪದ್ಧತಿಯಾಯಿತು. ಏಳನೇ ಪ್ರಶ್ನೆ ಬಂದಕೂಡಲೇ ತಾತ ವಾಚಿನೊಳಗೆ. ಕೆಲವರು ತಕ್ಷಣ ಗುರುತು ಹಾಕುವರು, ಕೆಲವರು ಪೆನ್ನು ಹಿಡಿದು ತಮ್ಮ ಇಡೀ ಆಯುಷ್ಯವನ್ನು ಮೊದಲಿನಿಂದ ನೆನೆದುಕೊಂಡು ಬರುವರು. ಆ ಬಿಡುವಿನಲ್ಲಿ ಆ ಒಂದು ವಾಚು ಎಷ್ಟು ಸಲ ಶುಚಿಯಾಯಿತೆಂದರೆ, ಅದು ಈಗ ನಾಳೆಯ ಹೊತ್ತನ್ನೂ ತೋರಿಸುತ್ತದೆ ಎಂದು ಡ್ರೈವರ್ ಆಣೆ ಮಾಡುತ್ತಾನೆ.

ಎಲ್ಲರ ಅರ್ಜಿ ಹೋದ ಮೇಲೆ ಒಂದು ಮಧ್ಯಾಹ್ನ ತಾತ, ಅಕ್ಕ ಮೊದಲೇ ಡಾಕ್ಟರ ಸಹಿ ಹಾಕಿಸಿಟ್ಟಿದ್ದ ಅಜ್ಜಿಯ ಅರ್ಜಿ ತುಂಬಲು ಕೂತ. ಅಜ್ಜಿ ಒಳಗೆ ಮಲಗಿದ್ದಳು. ಕಿಟಕಿಯಲ್ಲಿ ಯಾರೂ ಇರಲಿಲ್ಲ. ಕುಟುಂಬದ ಯಜಮಾನರ ಉದ್ಯೋಗ ಎಂಬಲ್ಲಿ ಪೆನ್ನು ತಾನಾಗಿಯೇ ಓಡಿತು: “ವಾಚ್ ರಿಪೇರಿ, ಸ್ವಂತ ಅಂಗಡಿ, ಮಾಲೀಕರು.” ನಲವತ್ತು ವರ್ಷ ಬರೆದು ಬರೆದು ಕೈಗೆ ಅಂಟಿದ ಮಾತು. ಏಳನೆಯದಕ್ಕೆ ಬಂದಾಗ ತಾತ ಸುತ್ತ ನೋಡಿದ. ವಾಚಿನೊಳಗೆ ಹೋಗಲು ಬೇರೆ ಯಾರೂ ಇರಲಿಲ್ಲ. ಪೆನ್ನು ಹಿಡಿದವನೂ ಅವನೇ, ನೋಡುತ್ತಿರುವವನೂ ಅವನೇ. ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ಮಡಚಿ, ಲಕೋಟೆಗೆ ಅಂಟು ಹಚ್ಚಿ, ಅಕ್ಕನಿಗೂ ತೋರಿಸದೆ ಕಳಿಸಿಬಿಟ್ಟ.

ಎರಡು ವಾರಕ್ಕೆ ಉತ್ತರಗಳು ಬಂದವು. ಡ್ರೈವರ್ ತನ್ನ ಕಾರ್ಡನ್ನು ತಲೆಯ ಮೇಲೆ ಹಿಡಿದು ಬೀದಿಯುದ್ದಕ್ಕೂ ಹಾರ್ನು ಬಾರಿಸಿದಂತೆ ಬಾಯಲ್ಲಿ ಸದ್ದು ಮಾಡುತ್ತಾ ಬಂದ. ಇಸ್ತ್ರಿಯಮ್ಮ ಕಾರ್ಡು ಎದೆಗೊತ್ತಿಕೊಂಡು, “ಅಣ್ಣಾ, ಇದಕ್ಕೆ ಒಂದು ಸುಕ್ಕೂ ಬೀಳೋಕೆ ಬಿಡಲ್ಲ ನಾನು” ಎಂದಳು. ತಾತನಿಗೆ ಬಂದ ಲಕೋಟೆ ತೆಳ್ಳಗಿತ್ತು. ಸ್ವಂತ ಅಂಗಡಿಯಿದ್ದು ಅರ್ಜಿದಾರರ ಕುಟುಂಬ ಶಕ್ತವಾಗಿರುವುದರಿಂದ ನೆರವು ಕೊಡಲಾಗದು.

ತಾತ ಅದನ್ನು ನಾಲ್ಕು ಮಡಿಕೆ ಮಾಡಿ ಲೋಲಕದ ಗಡಿಯಾರದ ಹೊಟ್ಟೆಯೊಳಗೆ ತುರುಕಿ ಬಾಗಿಲು ಮುಚ್ಚಿದ. ಆ ಬಾಗಿಲನ್ನು ಅವನಲ್ಲದೆ ಬೇರೆ ಯಾರೂ ತೆರೆಯುವವರಿರಲಿಲ್ಲ. ಎಂಟು ದಿನಕ್ಕೊಮ್ಮೆ ಕೀ ಕೊಡುವವನು ಅವನೇ.

“ನಮ್ಮದು ಬಂತೇನ್ರೀ?”

“ಬರುತ್ತೆ. ನಮ್ಮದು ಸ್ವಲ್ಪ ನಿಧಾನ.”

ಮಾತ್ರೆ ಹತ್ತೊಂಬತ್ತು ಉಳಿದವು. ಹದಿನೈದಾದವು. ಹನ್ನೊಂದಾದವು. ಹಗಲೆಲ್ಲ ಬೇರೆಯವರ ಅರ್ಜಿ. ಈಗ ಪಕ್ಕದ ಬೀದಿಗಳಿಂದಲೂ ಜನ. ಹತ್ತು ಉಳಿದ ಬೆಳಿಗ್ಗೆ ತಾತ ಯಾರೂ ಏಳುವ ಮೊದಲು ಎದ್ದು ಮೇಜಿನ ಖಾನೆ ಎಳೆದ. ಕೂದಲಿನಂಥ ಬ್ಲೇಡು ಹತ್ತಿಯ ಮೇಲೆ ಮಲಗಿತ್ತು. ಮಾತ್ರೆಯನ್ನು ಇಕ್ಕಳದಲ್ಲಿ ಕೂರಿಸಿ ಬ್ಲೇಡನ್ನು ಅದರ ನೆತ್ತಿಯ ಮೇಲಿಟ್ಟ. ಸೊಳ್ಳೆಯ ರೆಕ್ಕೆಗೆ ಎಣ್ಣೆ ಬಿಟ್ಟ ಕೈ ಅಂದು ಬ್ಲೇಡನ್ನು ಎಳೆಯಲಿಲ್ಲ. ಕತ್ತರಿಸಿದ ಸ್ಪ್ರಿಂಗಿನ ಸರ್ರೆಂಬ ಸದ್ದು ಕಿವಿಯಲ್ಲಿ. ಮಾತ್ರೆಯನ್ನು ಬಿಡಿಸಿ, ಅಜ್ಜಿ ಎದ್ದ ಮೇಲೆ ಇಡಿಯಾಗಿ ಕೊಟ್ಟ.

ಅಜ್ಜಿ ನುಂಗಿ ನೀರು ಕುಡಿದು ಗೋಡೆ ನೋಡಿದಳು. “ರೀ, ಗಂಟೆ ಎಷ್ಟು?”

“ಯಾವ ಗಡಿಯಾರದ್ದು...”

“ಯಾವುದರದ್ದೂ ಅಲ್ಲ. ದೊಡ್ಡದು ನಿಂತುಹೋಗಿದೆ.”

ನಿಂತೇ ಹೋಗಿತ್ತು. ಎಂಟು ದಿನದ ಕೀ ಮುಗಿದು, ಊರವರ ಏಳನೇ ಪ್ರಶ್ನೆಗಳ ನಡುವೆ ತಾತ ಅದನ್ನು ಪೂರ್ತಿ ಮರೆತಿದ್ದ. ಅವನು ಕುರ್ಚಿಯಿಂದ ಏಳುವಷ್ಟರಲ್ಲಿ ಅಜ್ಜಿ ಸ್ಟೂಲು ಹತ್ತಿ ಗಡಿಯಾರದ ಬಾಗಿಲು ತೆರೆದು ಕೀಲಿಕೈಗೆ ಕೈ ಹಾಕಿದ್ದಳು. ಕೀಲಿಕೈ ಜೊತೆ ಕಾಗದವೂ ಬಂತು. ಸ್ಟೂಲಿನ ಮೇಲೆ ನಿಂತೇ ಎರಡು ಸಲ ಓದಿದಳು.

“ಸ್ವಂತ ಅಂಗಡಿ ನಡೀತಾ ಇದೆ ಅಂತ ಬರೆದ್ರಾ?”

ತಾತ ತೆರೆದಿದ್ದ ಖಾನೆಯನ್ನು ಒಳಗೆ ತಳ್ಳಿದ.

“ಎಲ್ಲಿದೆ ಆ ಅಂಗಡಿ? ಮಂಚದ ಕೆಳಗಾ? ನಾನು ದಿನಾ ಗುಡಿಸುವಾಗ ಗಿರಾಕಿಗಳ ಕಾಲಿಗೆ ಪೊರಕೆ ತಗುಲುತ್ತಾ ಇರಬೇಕು ಹಾಗಾದ್ರೆ.”

“ಬೈದುಬಿಡು” ಎಂದ ತಾತ.

ಅಜ್ಜಿ ಗಡಿಯಾರಕ್ಕೆ ಕೀ ಕೊಟ್ಟು, ಇಳಿದು ಬಂದು ಎದುರು ಕೂತಳು. “ಬೈಯೋಕೆ ಆಮೇಲೆ ಟೈಮ್ ಇದೆ, ಗಡಿಯಾರಕ್ಕೆ ನಾನು ಕೀ ಕೊಟ್ಟಿದೀನಿ. ಊರಲ್ಲಿರೋರಿಗೆಲ್ಲ ಇಲ್ಲ ಅನ್ನೋದನ್ನ ಕಲಿಸಿದ್ರಿ. ನಿಮಗೆ ಯಾಕೆ ಆಗ್ಲಿಲ್ಲ?”

“ನಾನು ವಾಚಿನೊಳಗೆ ಹೋಗಿಬಿಟ್ರೆ ಪೆನ್ನು ಹಿಡಿಯೋರು ಯಾರು?” ತಾತ ತಲೆ ಎತ್ತಲಿಲ್ಲ. “ಮದುವೆ ದಿನ ನಿಮ್ಮಪ್ಪನ ಎದುರು ಅಷ್ಟು ಜೋರಾಗಿ ಮಾತಾಡಿದೋನು ನಾನು. ನಿನಗೊಂದು ಮಾತ್ರೆ ತರೋಕೂ ಆಗಲ್ಲ ಅಂತ ನನ್ನ ಕೈಯಾರೆ ಹೇಗೆ ಬರೀಲಿ?”

ಅಜ್ಜಿ ಬಹಳ ಹೊತ್ತು ಅವನ ಕೈ ನೋಡಿದಳು. ಆಮೇಲೆ ಎದ್ದು ಕಿಟಕಿಯಿಂದ ತಲೆ ಹೊರಗೆ ಹಾಕಿ, ಬೀದಿಯ ಆ ತುದಿಯಲ್ಲಿ ಮಲಗಿದ್ದ ನಾಯಿ ಎದ್ದು ಕೂರುವಂತೆ ಕೂಗಿದಳು: “ಡ್ರೈವರಣ್ಣಾ! ಇಸ್ತ್ರಿಯಮ್ಮಾ! ಯಾರಾದ್ರೂ ಮೆಡಿಕಲ್ ಅಕ್ಕನ್ನ ಕರ್ಕೊಂಡು ಬನ್ನಿ!”

ಮೂವರೂ ಬಂದರು. ಅಜ್ಜಿ ಮುಚ್ಚುಮರೆಯಿಲ್ಲದೆ ಕಾಗದ ತೋರಿಸಿದಳು. ಡ್ರೈವರ್ ಓದಿ, ಯಾವ ಬಡಾಯಿಯನ್ನೂ ಹೇಳದೆ ಮೂಗು ಉಜ್ಜಿಕೊಂಡ. ಅದು ಆ ಬೀದಿಯಲ್ಲಿ ಹಿಂದೆಂದೂ ಆಗಿರಲಿಲ್ಲ. ಅಕ್ಕ ಮೇಜಿನ ಮೇಲಿದ್ದ ಕಟ್ಟಿನಿಂದ ಹೊಸ ಅರ್ಜಿ ತೆಗೆದಳು. ಎಷ್ಟು ಉಳಿದಿದೆ ಎಂದು ಕೇಳಿದಳು. ಒಂಬತ್ತು ಎಂದಳು ಅಜ್ಜಿ. “ಇವತ್ತೇ ಡಾಕ್ಟರ ಸಹಿ ಹಾಕಿಸಿ, ನಾನೇ ಕಚೇರಿಗೆ ಹೋಗಿ ಕೊಟ್ಟು, ಅಲ್ಲೇ ಕೂತು ತಲೆ ತಿಂತೀನಿ” ಎಂದಳು ಅಕ್ಕ.

ಈ ಸಲ ಬರೆದವಳು ಅಕ್ಕ. ಉದ್ಯೋಗ ಎಂಬಲ್ಲಿ ಅವಳು ತಾತನ ಮುಖ ನೋಡಿದಾಗ ಅವನೇ ಹೇಳಿದ: “ಅಂಗಡಿ ಮುಚ್ಚಿದೆ ಅಂತ ಬರಿ.” ಏಳನೆಯದಕ್ಕೆ ಬಂದಳು. ಪೆನ್ನನ್ನು ತಾತನ ಕೈಗಿಟ್ಟಳು.

ಆಗ ಡ್ರೈವರ್ ತನ್ನ ಕುರ್ಚಿಯನ್ನು ಎತ್ತಿ ಗೋಡೆಯ ಕಡೆ ತಿರುಗಿಸಿ ಹಾಕಿ ಕೂತ. “ನಾನು ಈ ಗಡಿಯಾರದೊಳಗೆ ಹೋದೆ” ಎಂದ. ಇಸ್ತ್ರಿಯಮ್ಮ ಅವನ ಪಕ್ಕ ನಿಂತು ಎರಡು ಕೈಯಿಂದ ಮುಖ ಮುಚ್ಚಿಕೊಂಡಳು. “ನಾನು ಅದರ ಪಕ್ಕದ್ದರಲ್ಲಿ.” ಅಕ್ಕ ಕಿಟಕಿಯಾಚೆ ಬೀದಿ ನೋಡತೊಡಗಿದಳು. ಅಜ್ಜಿ ಮೇಜಿನ ಮೇಲಿದ್ದ ಭೂತಗನ್ನಡಿ ಎತ್ತಿ ತಿರುಗಾಮುರುಗಾ ಕಣ್ಣಿಗಿಟ್ಟುಕೊಂಡು ಬಾಗಿಲ ಕಡೆ ತಿರುಗಿದಳು. ಆ ಕೋಣೆಯಲ್ಲಿ ನಲವತ್ತು ತಪ್ಪು ಗಡಿಯಾರಗಳೂ ಒಂದು ಸರಿಯಾದದ್ದೂ ಬಡಿದುಕೊಳ್ಳುತ್ತಿದ್ದವು, ಅಷ್ಟೆ.

ಪೆನ್ನು ಒಮ್ಮೆ ಕರಕ್ ಎಂದಿತು.

“ಆಯ್ತೇನ್ರೀ?”

“ಆಯ್ತು” ಎಂದ ತಾತ. “ಎಲ್ಲಾ ಹೊರಗೆ ಬನ್ನಿ.”

“ಬೇಗ ಹೇಳಬಾರದಾ ರಿಪೇರಿ, ಕತ್ತು ಹಿಡ್ಕೊಂಡು ಬಿಡ್ತು!” ಎಂದು ಡ್ರೈವರ್ ತಿರುಗಿದ. “ಈ ಗಡಿಯಾರದೊಳಗೆ ಎಷ್ಟು ಧೂಳಿದೆ ಗೊತ್ತಾ? ಹೇಗೋ ವಾಸ ಮಾಡ್ತೀಯ ನೀನು!” ಎಲ್ಲರೂ ನಕ್ಕರು. ತಾತ ಅವರ ಮುಖಗಳನ್ನು ಒಂದೊಂದಾಗಿ ನೋಡಿದ. ಎದ್ದು ಹೋಗಿ ಎಲ್ಲರಿಗೂ ತಾನೇ ಚಹಾ ಮಾಡಿ ತಂದ. ಸಕ್ಕರೆಯ ಬದಲು ಉಪ್ಪು ಹಾಕಿದ್ದ. ನಾಲ್ವರೂ ಒಂದು ತೊಟ್ಟೂ ಬಿಡದೆ ಕುಡಿದರು. ಡ್ರೈವರ್ ಎರಡನೇ ಲೋಟವನ್ನೂ ಕೇಳಿದ. ಇದೊಂದು ಬಡಾಯಿಯಲ್ಲ, ಬೀದಿಗೆಲ್ಲ ಗೊತ್ತಿರುವ ಸಂಗತಿ.

ಅಕ್ಕ ಕಚೇರಿಯಲ್ಲಿ ಎರಡು ದಿನ ಕೂತಳಂತೆ. ಮೂರನೇ ದಿನ ಅವಳ ಮುಖ ಕಂಡಕೂಡಲೇ ಗುಮಾಸ್ತ ಮೊಹರು ಹುಡುಕಿದನಂತೆ. ಮೂರು ಮಾತ್ರೆ ಉಳಿದಿರುವಾಗ ಅಜ್ಜಿಯ ಕಾರ್ಡು ಬಂತು. ಬೆಳಿಗ್ಗೆ ಏಳು ಬಡಿದಾಗ ತಾತ ಇಡೀ ಮಾತ್ರೆಯನ್ನು ಅಜ್ಜಿಯ ಅಂಗೈಯಲ್ಲಿಡುತ್ತಾನೆ, ಇಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡುತ್ತಾನೆ. ಮೆಡಿಕಲ್ ಅಂಗಡಿಯ ಗೋಡೆಯಲ್ಲಿ ಈಗ ಒಂದು ಗಡಿಯಾರವಿದೆ, ತಾತನ ಮನೆಯ ಅನಾಥರಲ್ಲಿ ಎಲ್ಲಕ್ಕಿಂತ ಚೆಂದದ್ದು. ಅದಕ್ಕೆ ಕೀ ಕೊಡಲು ತಾತ ಎಂಟು ದಿನಕ್ಕೊಮ್ಮೆ ಹೋಗುತ್ತಾನೆ, ಮರೆಯದೆ. ಕೂದಲಿನಂಥ ಬ್ಲೇಡು ಈಗ ಕಚೇರಿಯಿಂದ ಬರುವ ಲಕೋಟೆಗಳನ್ನು ಬಿಡಿಸುತ್ತದೆ.

ಮೊನ್ನೆ ಬೆಳಬೆಳಿಗ್ಗೆಯೇ ಕಿಟಕಿಗೆ ಹೊಸಬರೊಬ್ಬರು ಬಂದಿದ್ದರು. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಏಳನೇ ಪ್ರಶ್ನೆಗೆ ಬಂದಾಗ ಅವರ ಪೆನ್ನು ಗಾಳಿಯಲ್ಲೇ ನಿಂತಿತು.

“ಅವಸರ ಇಲ್ಲ ಮೇಷ್ಟ್ರೇ” ಎಂದ ತಾತ. “ನಾನೂ ಒಂದು ಸಲ ತಪ್ಪು ಚೌಕಕ್ಕೆ ಗುರುತು ಹಾಕಿದೋನೇ. ಈಗ ವಾಚಿನೊಳಗೆ ಹೋಗಿ ಬರ್ತೀನಿ.”

ಒಳಗಿನಿಂದ ಅಜ್ಜಿಯ ದನಿ ಬಂತು: “ಹೋಗಿ, ಆದ್ರೆ ಬೇಗ ಬನ್ರೀ. ನನ್ನ ಮಾತ್ರೆಗೆ ಹೊತ್ತಾಯ್ತು.”